ತಿರುಗುವ ವಸ್ತು ತನ್ನ ಅಕ್ಷವನ್ನು ತಾನೇ ಆರಿಸಿಕೊಳ್ಳುತ್ತದೆ

ವಾಷಿಂಗ್ ಮೆಷಿನ್ ಬಟ್ಟೆ ಹಿಂಡಲು ಶುರು ಮಾಡುವಾಗ ಒಮ್ಮೆ ಗಮನಿಸಿ. ಮೊದಲು ಗಡಗಡ ಅಲುಗಾಡುತ್ತದೆ. ಕೆಲವೊಮ್ಮೆ ನಿಂತ ಜಾಗದಿಂದಲೇ ಸರಿದುಬಿಡುತ್ತದೆ. ವೇಗ ಏರಿದಂತೆ ಅಲುಗಾಟವೂ ಏರಬೇಕು ಅಲ್ವಾ? ಆಗುವುದು ಉಲ್ಟಾ. ಒಂದು ವೇಗ ದಾಟಿದ ಮೇಲೆ ಮೆಷಿನ್ ತೆಪ್ಪಗಾಗುತ್ತದೆ, ಗುಂಯ್ ಎನ್ನುವ ಸದ್ದಷ್ಟೇ ಉಳಿಯುತ್ತದೆ. ನಿಲ್ಲುವ ಮುಂಚೆ ಮತ್ತೆ ಅದೇ ಕುಣಿತ. ಒಳಗೆ ಇರುವುದು ಅದೇ ಬಟ್ಟೆ. ಒಂದೇ ಕಡೆ ಗುಡ್ಡೆಯಾಗಿರುವುದೂ ಹಾಗೇ ಇದೆ. ಬದಲಾದದ್ದು ವೇಗ ಮಾತ್ರ.

ಯಂತ್ರಕ್ಕೆ ನಾವು ಒಂದು ಅಕ್ಷ ಕೂರಿಸುತ್ತೇವೆ. ಅದರೊಳಗಿನ ತೂಕಕ್ಕೆ ಬೇಕಾದ ಅಕ್ಷ ಇನ್ನೊಂದಿರುತ್ತದೆ. ಇವೆರಡರ ಜಗಳ ಎಂಜಿನಿಯರ್‌ಗಳನ್ನು ನೂರಾರು ವರ್ಷ ಸತಾಯಿಸಿದೆ. ಉಪಗ್ರಹವನ್ನು ಪಲ್ಟಿ ಹೊಡೆಸಿದೆ. ನಾವು ನಿಂತಿರುವ ಭೂಮಿಯನ್ನೂ ಬಿಟ್ಟಿಲ್ಲ.

ಮೊದಲು ಬಲದ ಲೆಕ್ಕ ನೋಡೋಣ. ಕವಣೆಯಲ್ಲಿ ಕಲ್ಲಿಟ್ಟು ಬೀಸಿದರೆ ಹಗ್ಗ ಕೈಯನ್ನು ಎಳೆಯುತ್ತದೆ. ಇದು ಯಾವ ಕಾಲದಿಂದಲೋ ಜನರಿಗೆ ಗೊತ್ತಿತ್ತು. ಎಷ್ಟು ಎಳೆಯುತ್ತದೆ ಎಂದು 1659ರಲ್ಲಿ ಲೆಕ್ಕ ಹಾಕಿದವರು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮುಂದಿನ ಎಲ್ಲ ತಲೆನೋವೂ ಇಲ್ಲಿಂದಲೇ ಶುರು. ಕಾರಿನ ಚಕ್ರದ ರಿಮ್‌ನಲ್ಲಿ ಒಂದು ಕಡೆ 50 ಗ್ರಾಂ ತೂಕ ಹೆಚ್ಚಿದೆ ಎಂದಿಟ್ಟುಕೊಳ್ಳಿ. ಊರೊಳಗೆ ನಿಧಾನಕ್ಕೆ ಓಡಿಸುವಾಗ ಅದು ಗೊತ್ತೇ ಆಗುವುದಿಲ್ಲ. ಗಂಟೆಗೆ 100 ಕಿ.ಮೀ. ಮುಟ್ಟಿದರೆ ಆ 50 ಗ್ರಾಂ ಸುಮಾರು 8–9 ಕಿಲೊ ತೂಕದಷ್ಟು ಬಲದಿಂದ ಎಳೆಯುತ್ತದೆ. ಅದೂ ಸೆಕೆಂಡಿಗೆ 15 ಸುತ್ತಿನ ಹಾಗೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಸ್ಟೀರಿಂಗ್ ನಡುಗುವುದು ಇದಕ್ಕೇ. ವೀಲ್ ಬ್ಯಾಲೆನ್ಸಿಂಗ್ ಮಾಡುವವರು ರಿಮ್‌ಗೆ ಪುಟ್ಟ ಲೋಹದ ತುಂಡು ಅಂಟಿಸುವುದೂ ಇದಕ್ಕೇ.

ಎರಡೂ ಕಡೆ ತೂಕ ಸಮವಾದರೆ ಕಥೆ ಮುಗಿಯಿತೇ? ಇಲ್ಲ. 1755ರಲ್ಲಿ ಯೊಹಾನ್ ಆಂಡ್ರಿಯಾಸ್ ಸೆಗ್ನರ್ ಎಂಬ ವಿದ್ವಾಂಸ ಬುಗುರಿಗಳ ಬಗ್ಗೆ ಬರೆಯುತ್ತಾ ಒಂದು ದೊಡ್ಡ ಮಾತು ಹೇಳಿದರು. ವಸ್ತುವಿನ ಆಕಾರ ಎಷ್ಟೇ ಸೊಟ್ಟಗಿರಲಿ, ಅದರಲ್ಲಿ ಒಂದಕ್ಕೊಂದು ಲಂಬವಾಗಿ ಮೂರು ಅಕ್ಷಗಳು ಇದ್ದೇ ಇರುತ್ತವೆ. ಅವುಗಳ ಸುತ್ತ ಆ ವಸ್ತು ಅಕ್ಷವನ್ನು ಹಿಡಿದಿಡುವ ಯಾವ ಬೇರಿಂಗಿನ ಹಂಗೂ ಇಲ್ಲದೆ ತಿರುಗಬಲ್ಲದು. ಇದನ್ನು ಕೈಗೆತ್ತಿಕೊಂಡ ಲಿಯೊನಾರ್ಡ್ ಆಯ್ಲರ್ ಪೂರ್ತಿ ಗಣಿತ ಕಟ್ಟಿ 1765ರಲ್ಲಿ ಪುಸ್ತಕವಾಗಿ ಹೊರತಂದರು. ಇವತ್ತಿಗೂ ಉಪಗ್ರಹ ತಿರುಗಿಸುವವರು ಬಳಸುವುದು ಆಯ್ಲರ್ ಸಮೀಕರಣಗಳನ್ನೇ.

ಮೂರು ಅಕ್ಷಗಳಲ್ಲಿ ಒಂದು ಮಾತ್ರ ಕೈಕೊಡುತ್ತದೆ. ಒಂದು ದಪ್ಪ ಪುಸ್ತಕ ತೆರೆದುಕೊಳ್ಳದಂತೆ ರಬ್ಬರ್ ಬ್ಯಾಂಡ್ ಹಾಕಿ ಎಸೆದು ನೋಡಿ. ತಟ್ಟೆಯ ಹಾಗೆ ಚಪ್ಪಟೆಯಾಗಿ ತಿರುಗಿಸಿದರೆ ನೆಟ್ಟಗೆ ತಿರುಗುತ್ತದೆ. ಉದ್ದಕ್ಕೆ ಲಟ್ಟಣಿಗೆಯಂತೆ ಉರುಳಿಸಿ ಎಸೆದರೂ ಸರಿ. ತಲೆಯ ಕಡೆಯಿಂದ ಬುಡದ ಕಡೆಗೆ ಪಲ್ಟಿ ಹೊಡೆಸಿ ಎಸೆದರೆ ಮಾತ್ರ ಗಾಳಿಯಲ್ಲೇ ಮಗ್ಗುಲು ಬದಲಿಸಿಬಿಡುತ್ತದೆ. ಎಷ್ಟು ಹುಷಾರಾಗಿ ಎಸೆದರೂ ಅಷ್ಟೇ. ತಟ್ಟೆಯಂತೆ ತಿರುಗುವಾಗಿನ, ತಿರುಗಿಸಲು ಅತಿ ಕಷ್ಟವಾದ ಅಕ್ಷ ನಂಬಿಕಸ್ಥ. ಲಟ್ಟಣಿಗೆಯಂತೆ ಉರುಳುವಾಗಿನ, ಅತಿ ಸುಲಭವಾದದ್ದೂ ನಂಬಿಕಸ್ಥ. ನಡುವಿನದು ಮಾತ್ರ ಮೋಸ. 1985ರಲ್ಲಿ ಸೋವಿಯತ್ ಗಗನಯಾತ್ರಿ ವ್ಲಾದಿಮಿರ್ ಜಾನಿಬೆಕೋವ್ ಸಲ್ಯೂತ್ 7 ನಿಲ್ದಾಣದಲ್ಲಿ ರೆಕ್ಕೆಯ ನಟ್ಟೊಂದು ತಿರುಗುತ್ತಾ ತೇಲಿ ಹೋಗುವಾಗ ಮತ್ತೆ ಮತ್ತೆ ಹಿಂದುಮುಂದಾಗುವುದನ್ನು ಕಂಡು ಬೆರಗಾದರು. ಅದರ ವಿಡಿಯೊ ನೋಡಿದ ಜನ ಭೂಮಿಯೂ ಹೀಗೇ ತಲೆಕೆಳಗಾಗುತ್ತದೆ ಎಂದು ಗುಲ್ಲೆಬ್ಬಿಸಿದ್ದೂ ಉಂಟು. ಸುಮ್ನೆ ಹೆದರಿಕೆ. ಹೊಟ್ಟೆ ಉಬ್ಬಿರುವ ಭೂಮಿ ತಿರುಗುತ್ತಿರುವುದು ಆ ನಂಬಿಕಸ್ಥ ಕಷ್ಟದ ಅಕ್ಷದ ಸುತ್ತ.

ಗಣಿತ ಇಷ್ಟು ಮುಂದೆ ಹೋಗಿದ್ದರೂ ಕಾರ್ಖಾನೆಯಲ್ಲಿ ತಿರುಗುವ ಶಾಫ್ಟ್‌ಗಳು, ಅಂದರೆ ಚಕ್ರ ಕೂರಿಸುವ ಉದ್ದನೆಯ ಸರಳುಗಳು, ಬಾಗಿ ಮುರಿಯುತ್ತಲೇ ಇದ್ದವು. 1869ರಲ್ಲಿ ಗ್ಲಾಸ್ಗೊದ ಹೆಸರಾಂತ ಎಂಜಿನಿಯರ್ ವಿಲಿಯಂ ರ‍್ಯಾಂಕಿನ್ ಈ ಬಗ್ಗೆ ಒಂದು ಲೇಖನ ಬರೆದರು. ಪ್ರತಿ ಶಾಫ್ಟ್‌ಗೂ ಒಂದು ಮಿತಿಯ ವೇಗ ಇರುತ್ತದೆ. ಅಲ್ಲಿ ಹೊರಗೆ ಎಳೆಯುವ ಬಲ ಶಾಫ್ಟಿನ ಬಿಗಿಯನ್ನು ಮೀರಿಸುತ್ತದೆ. ಅದನ್ನು ದಾಟಿದರೆ ಶಾಫ್ಟ್ ಬಾಗುತ್ತಲೇ ಹೋಗುತ್ತದೆ, ಹಾಗಾಗಿ ದಾಟುವುದು ಸಾಧ್ಯವಿಲ್ಲ. ಹೀಗಿತ್ತು ಅವರ ವಾದ. ಕೇಳಲು ಸರಿ ಅನ್ನಿಸುತ್ತದೆ. ಮಿತಿಯ ವೇಗ ಇರುವುದೂ ನಿಜ. ಆದರೆ ತಿರುಗುವ ಶಾಫ್ಟಿನ ಜೊತೆ ತಾವೂ ತಿರುಗುತ್ತಾ ಲೆಕ್ಕ ಹಾಕಿದ ರ‍್ಯಾಂಕಿನ್ ಒಂದು ಬಲವನ್ನು ಕೈಬಿಟ್ಟಿದ್ದರು. ತಿರುಗುವ ವ್ಯವಸ್ಥೆಯೊಳಗೆ ಯಾವುದೇ ವಸ್ತು ಸರಿದರೆ ಅದನ್ನು ಅಡ್ಡಕ್ಕೆ ತಳ್ಳುವ ಆ ಬಲದ ಬಗ್ಗೆ ಫ್ರಾನ್ಸಿನ ಗಾಸ್ಪಾರ್ ಕೊರಿಯೊಲಿಸ್ 1835ರಲ್ಲೇ ಬರೆದಿದ್ದರು. 34 ವರ್ಷ ಹಳೆಯ ಸಂಗತಿ ಅದು. ಆದರೂ ರ‍್ಯಾಂಕಿನ್ ಹೆಸರಿನ ಭಾರಕ್ಕೆ ಎಂಜಿನಿಯರ್‌ಗಳು ಆ ಮಿತಿಯ ಕೆಳಗೇ ಉಳಿಯಲು ಹೆಣಗಿದರು. ದಾರಿ ಒಂದೇ: ಶಾಫ್ಟನ್ನು ದಪ್ಪ ಮಾಡು, ಬಿಗಿ ಮಾಡು.

ಸ್ವೀಡನ್ನಿನ ಗುಸ್ತಾಫ್ ದ ಲವಾಲ್ ಇದಕ್ಕೆ ಉಲ್ಟಾ ಹೊರಟರು. ಹಾಲಿನಿಂದ ಕೆನೆ ಬೇರ್ಪಡಿಸುವ ತಿರುಗು ಯಂತ್ರವನ್ನು 1878ರಲ್ಲಿ ಮಾಡಿ ಹೆಸರಾಗಿದ್ದವರು ಅವರು. 1880ರ ದಶಕದಲ್ಲಿ ಹಬೆಯ ಟರ್ಬೈನಿಗೆ ಕೈಹಾಕಿದರು. ಅವರ ಟರ್ಬೈನ್ ಚಕ್ರ ನಿಮಿಷಕ್ಕೆ 30,000 ಸುತ್ತಿನ ಆಸುಪಾಸು ತಿರುಗಬೇಕಿತ್ತು. ಆ ವೇಗದಲ್ಲಿ ಚಕ್ರದ ತೂಕದ ಕೇಂದ್ರ ಬರೀ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಪಕ್ಕಕ್ಕಿದ್ದರೂ ಬೇರಿಂಗ್ ಮೇಲೆ ಚಕ್ರದ ತೂಕದ ನೂರು ಪಟ್ಟು ಬಲ ಬೀಳುತ್ತದೆ. ಅಷ್ಟು ನಿಖರವಾಗಿ ಚಕ್ರ ಕಡೆಯುವುದು ಅಂದಿನ ಮಟ್ಟಿಗೆ ಕನಸಿನ ಮಾತು. ದ ಲವಾಲ್ ಚಕ್ರವನ್ನು ತೆಳ್ಳಗಿನ, ಬಳುಕುವ ಶಾಫ್ಟಿಗೆ ಕೂರಿಸಿದರು. ಶಾಫ್ಟ್ ಮೆತ್ತಗಿದ್ದಷ್ಟೂ ಮಿತಿಯ ವೇಗ ಕೆಳಗಿಳಿಯುತ್ತದೆ. ಬೇಗನೆ ಎದುರಾಗುತ್ತದೆ, ಬೇಗನೆ ದಾಟಿಬಿಡಬಹುದು. ದಾಟಿದ ಮೇಲೆ ಚಕ್ರ ಶಾಂತವಾಗಿ ತಿರುಗಿತು.

ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಇಷ್ಟವಾದ ಘಟ್ಟ ಇದು. ಮಿತಿಯ ಕೆಳಗೆ ಚಕ್ರದ ಭಾರದ ಕಡೆ ಹೊರಕ್ಕೆ ಬೀಸುತ್ತದೆ, ಶಾಫ್ಟನ್ನೂ ಅದೇ ಕಡೆ ಎಳೆಯುತ್ತದೆ. ಮಿತಿ ದಾಟಿದ ಮೇಲೆ ಭಾರದ ಕಡೆ ಒಳಕ್ಕೆ ಬರುತ್ತದೆ! ಚಕ್ರ ತನ್ನ ತೂಕದ ಕೇಂದ್ರವನ್ನೇ ನಡು ಮಾಡಿಕೊಂಡು ತಿರುಗುತ್ತದೆ. ನಾವು ಕೂರಿಸಿದ ಶಾಫ್ಟ್ ಬಾಗಿಕೊಂಡು ಅದರ ಸುತ್ತ ಸುತ್ತುತ್ತದೆ. ಬಿಗಿಯಾಗಿ ಹಿಡಿದಾಗ ಮುರಿಯುತ್ತಿದ್ದದ್ದು ಸಡಿಲ ಬಿಟ್ಟಾಗ ಉಳಿಯಿತು. ಅದು ಹೇಗೆ ಎಂದು ಜರ್ಮನಿಯ ಆಗಸ್ಟ್ ಫಾಪ್ಲ್ 1895ರಲ್ಲಿ ವಿವರಿಸಿದರೂ ಹೆಚ್ಚಿನವರು ಗಮನಿಸಲಿಲ್ಲ. ಐರ್ಲೆಂಡಿನ ಹೆನ್ರಿ ಜೆಫ್‌ಕಾಟ್ 1919ರಲ್ಲಿ ಇಂಗ್ಲಿಷಿನಲ್ಲಿ ಬರೆದ ಮೇಲೆಯೇ ಮಿತಿ ದಾಟಿದ ವೇಗ ಎಲ್ಲರಿಗೂ ಒಪ್ಪಿಗೆಯಾಯಿತು. ರ‍್ಯಾಂಕಿನ್ ಬರೆದು ಆಗಲೇ ಐವತ್ತು ವರ್ಷ ಕಳೆದಿತ್ತು.

ವಾಷಿಂಗ್ ಮೆಷಿನ್ನಿನ ಡ್ರಮ್ಮನ್ನು ಸ್ಪ್ರಿಂಗ್ ಮೇಲೆ ತೂಗುಹಾಕುವುದು ಇದೇ ಉಪಾಯ. ಮಿತಿಯ ವೇಗ ತುಂಬಾ ಕೆಳಗಿರುತ್ತದೆ, ಗಡಗಡ ಅನ್ನುವುದು ಅದನ್ನು ದಾಟುವಾಗ. ಮೇಲಿನಿಂದ ಬಟ್ಟೆ ಹಾಕುವ ಅನೇಕ ಮಾದರಿಗಳಲ್ಲಿ ಡ್ರಮ್ಮಿನ ಬಾಯಿಯ ಸುತ್ತ ಉಪ್ಪುನೀರು ತುಂಬಿದ ಟೊಳ್ಳು ಉಂಗುರವೂ ಇರುತ್ತದೆ. ವೇಗ ಮಿತಿ ದಾಟಿದೊಡನೆ ಆ ನೀರು ತಾನಾಗಿಯೇ ಬಟ್ಟೆಯ ಗುಡ್ಡೆಗೆ ಎದುರು ಬದಿಗೆ ಹರಿದು ತೂಕ ಸರಿದೂಗಿಸುತ್ತದೆ. ಸೆನ್ಸರ್ ಬೇಡ, ಮೋಟರ್ ಬೇಡ. ನಿಮಿಷಕ್ಕೆ 1,200 ಸುತ್ತು ತಿರುಗುವ, ಅರ್ಧ ಮೀಟರ್ ಅಗಲದ ಡ್ರಮ್ಮಿನ ಗೋಡೆಗೆ ಅಂಟಿದ ಬಟ್ಟೆಯ ಮೇಲೆ ಗುರುತ್ವದ ಸುಮಾರು 400 ಪಟ್ಟು ಒತ್ತಡ ಇರುತ್ತದೆ. ಮೆಷಿನ್ ಅದನ್ನು ಅಷ್ಟು ಸಲೀಸಾಗಿ ತಡೆದುಕೊಳ್ಳುವುದು ಜಗಳಕ್ಕೆ ನಿಲ್ಲದ ಕಾರಣಕ್ಕೆ.

ಉಪಗ್ರಹದವರು ಇದೇ ಪಾಠವನ್ನು ಬೇರೆ ದಾರಿಯಲ್ಲಿ ಕಲಿತರು. ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಮೇಲೇರಿದ್ದು 1958ರ ಜನವರಿ 31ರಂದು. ಸುಮಾರು ಎರಡು ಮೀಟರ್ ಉದ್ದದ ತೆಳ್ಳನೆಯ ಕೊಳವೆ ಅದು. ಉದ್ದದ ಅಕ್ಷದ ಸುತ್ತ ಗಿರಗಿರ ತಿರುಗುತ್ತಾ ಸ್ಥಿರವಾಗಿರಲಿ ಎಂಬುದು ಯೋಜನೆ. ತಿರುಗಿಸಲು ಅತಿ ಸುಲಭವಾದ ಅಕ್ಷ, ಆಯ್ಲರ್ ಪ್ರಕಾರ ನಂಬಿಕಸ್ಥ. ಕೆಲವೇ ಗಂಟೆಗಳಲ್ಲಿ ಉಪಗ್ರಹ ಅಡ್ಡಕ್ಕೆ ಹೊರಳಿ, ಕೋಲೊಂದು ಪಲ್ಟಿ ಹೊಡೆದ ಹಾಗೆ ತಿರುಗಲು ಶುರುಮಾಡಿತು.

ಆಯ್ಲರ್ ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಅದು ಒಂಚೂರೂ ಬಾಗದ ವಸ್ತುವಿಗೆ ಮಾತ್ರ. ಎಕ್ಸ್‌ಪ್ಲೋರರಿಗೆ ನಾಲ್ಕು ಬಳುಕುವ ಆಂಟೆನಾ ತಂತಿಗಳಿದ್ದವು. ಅವು ಬಳುಕಿದಾಗಲೆಲ್ಲ ಸ್ವಲ್ಪ ಶಕ್ತಿ ಬಿಸಿಯಾಗಿ ಸೋರುತ್ತಿತ್ತು. ಶಕ್ತಿ ಸೋರಬಹುದು. ಕೋನೀಯ ಸಂವೇಗ, ಅಂದರೆ ತಿರುಗಾಟದ ಒಟ್ಟು ಗಂಟು, ಹೊರಗಿನವರು ಕೈಹಾಕದ ಹೊರತು ಕರಗುವುದಿಲ್ಲ. ಗಂಟು ಅಷ್ಟೇ ಇದ್ದು ಶಕ್ತಿ ಕಮ್ಮಿಯಾಗಬೇಕಾದರೆ ವಸ್ತುವಿಗೆ ಒಂದೇ ದಾರಿ: ತಿರುಗಿಸಲು ಅತಿ ಕಷ್ಟವಾದ ಅಕ್ಷಕ್ಕೆ ಹೊರಳಿ ನಿಧಾನವಾಗಿ ತಿರುಗುವುದು. ರೇಡಿಯೊ ಖಗೋಳ ವಿಜ್ಞಾನಿ ರೊನಾಲ್ಡ್ ಬ್ರೇಸ್‌ವೆಲ್ ಮತ್ತು ಓವೆನ್ ಗ್ಯಾರಿಯಟ್ ಇದನ್ನು ಅದೇ ವರ್ಷ ಬರೆದು ಪ್ರಕಟಿಸಿದರು. ಗ್ಯಾರಿಯಟ್ ಮುಂದೆ ಗಗನಯಾತ್ರಿಯೂ ಆದರು. ಆಮೇಲೆ ಹೀಗೆ ತಿರುಗುವ ಉಪಗ್ರಹಗಳು ಕೋಲಿನ ಆಕಾರ ಬಿಟ್ಟು ಗಿಡ್ಡ ಡ್ರಮ್ಮಿನ ಆಕಾರಕ್ಕೆ ಬಂದವು.

ಅಕ್ಷದ ಹಟವನ್ನೇ ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. ಪ್ಯಾರಿಸ್ಸಿನಲ್ಲಿ ಲಿಯೊನ್ ಫೂಕೊ 1851ರಲ್ಲಿ 67 ಮೀಟರ್ ಉದ್ದದ ಲೋಲಕದಿಂದ ಭೂಮಿ ತಿರುಗುವುದನ್ನು ತೋರಿಸಿದರು. ಮರುವರ್ಷ ಗೈರೊಸ್ಕೋಪ್, ಅಂದರೆ ತನ್ನ ಅಕ್ಷದ ದಿಕ್ಕು ಬಿಡದೆ ಗಿರಗಿರ ತಿರುಗುವ ಚಕ್ರ, ಮಾಡಿದರು. ಇಂಥ ಚಕ್ರ ಉತ್ತರ ದಿಕ್ಕು ತೋರಿಸಬಲ್ಲದು ಎಂದೂ ಹೇಳಿದರು. ಆದರೆ ಚಕ್ರವನ್ನು ಬಿಡದೆ ತಿರುಗಿಸುವ ಎಲೆಕ್ಟ್ರಿಕ್ ಮೋಟರ್ ಆಗ ಇರಲಿಲ್ಲ. ಅದು ಕೂಡಿಬಂದದ್ದು ಹರ್ಮನ್ ಅನ್ಶುಟ್ಸ್ ಎಂಬ ಜರ್ಮನ್ ಕಲಾ ಇತಿಹಾಸಕಾರನಿಗೆ. ಸಬ್‌ಮರೀನಿನಲ್ಲಿ ಹಿಮದಡಿ ಉತ್ತರ ಧ್ರುವಕ್ಕೆ ಹೋಗುವ ಹುಚ್ಚು ಆತನದು. ಉಕ್ಕಿನ ಹೊಟ್ಟೆಯೊಳಗೆ ಕಾಂತದ ದಿಕ್ಸೂಚಿ ಕೆಲಸಕ್ಕೆ ಬಾರದು ಎಂದು ಗೈರೊ ದಿಕ್ಸೂಚಿಗೆ ಇಳಿದ. 1908ರಲ್ಲಿ ಜರ್ಮನ್ ಯುದ್ಧನೌಕೆಯಲ್ಲಿ ಅದರ ಪರೀಕ್ಷೆ ನಡೆಯಿತು. ಮುಂದೆ ಅಮೆರಿಕದ ಸ್ಪೆರಿ ಕಂಪನಿಯ ಜೊತೆಗಿನ ಪೇಟೆಂಟ್ ವ್ಯಾಜ್ಯದಲ್ಲಿ ತಜ್ಞನಾಗಿ ಕೂತವರು ಯಾರು ಗೊತ್ತೇ? ಆಲ್ಬರ್ಟ್ ಐನ್‌ಸ್ಟೈನ್. ಇಂದಿನ ಫೋನಿನ ಗೈರೊಸ್ಕೋಪಿನಲ್ಲಿ ತಿರುಗುವ ಚಕ್ರವೇ ಇಲ್ಲ. ಸಿಲಿಕಾನಿನ ಚೂರೊಂದು ಸೆಕೆಂಡಿಗೆ ಸಾವಿರಾರು ಸಲ ಕಂಪಿಸುತ್ತಿರುತ್ತದೆ. ಫೋನ್ ತಿರುಗಿದರೆ ಆ ಚೂರು ಅಡ್ಡಕ್ಕೆ ಸರಿಯುತ್ತದೆ. ಸರಿಸುವುದು ರ‍್ಯಾಂಕಿನ್ ಮರೆತ ಆ ಕೊರಿಯೊಲಿಸ್ ಬಲವೇ.

ಇನ್ನು ಭೂಮಿ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಭೂಮಿಯ ಆಕಾರದ ಅಕ್ಷ ಮತ್ತು ತಿರುಗುವ ಅಕ್ಷ ಒಂದಿಷ್ಟು ಬೇರೆಯಾದರೂ ಅದು ಓಲಾಡಬೇಕು. ಪೂರ್ತಿ ಗಟ್ಟಿ ಗೋಳ ಎಂದು ಆಯ್ಲರ್ ರೀತಿಯಲ್ಲಿ ಲೆಕ್ಕ ಹಾಕಿದರೆ ಒಂದು ಓಲಾಟಕ್ಕೆ ಸುಮಾರು 305 ದಿನ ಬರುತ್ತದೆ. ಖಗೋಳ ವಿಜ್ಞಾನಿಗಳು ದಶಕಗಳ ಕಾಲ 305 ದಿನದ ಓಲಾಟ ಹುಡುಕಿದರು. ಸಿಗಲಿಲ್ಲ. 1891ರಲ್ಲಿ ಅದನ್ನು ಹಿಡಿದದ್ದು ವಿಮೆಯ ಲೆಕ್ಕ ಹಾಕುವ ಕೆಲಸ ಮಾಡಿದ್ದ ಅಮೆರಿಕದ ಸೆತ್ ಕಾರ್ಲೊ ಚಾಂಡ್ಲರ್. ಯಾವ ಸಿದ್ಧಾಂತದ ಗೊಡವೆಗೂ ಹೋಗದೆ ಅಂಕಿಗಳನ್ನಷ್ಟೇ ನೋಡಿದ ಅವರಿಗೆ ಸಿಕ್ಕಿದ್ದು ಸುಮಾರು 14 ತಿಂಗಳು. ಖಗೋಳ ವಿಜ್ಞಾನಿ ಸೈಮನ್ ನ್ಯೂಕಂಬ್ ಕೂಡಲೇ ಕಾರಣ ಕೊಟ್ಟರು: ಭೂಮಿ ಗಟ್ಟಿಯಲ್ಲ, ಅದು ಬಾಗುತ್ತದೆ, ಅದರ ಸಮುದ್ರಗಳು ಸರಿಯುತ್ತವೆ.

ಈ ಓಲಾಟ ಧ್ರುವದ ಬಳಿ ಕೆಲವೇ ಮೀಟರಿನಷ್ಟು. ಅದನ್ನು ಹಿಂಬಾಲಿಸಲು 1899ರಲ್ಲಿ ಉತ್ತರ ಅಕ್ಷಾಂಶ 39 ಡಿಗ್ರಿ 8 ಮಿನಿಟಿನ ಒಂದೇ ಗೆರೆಯ ಮೇಲೆ, ಜಪಾನಿನ ಮಿಜುಸಾವಾದಿಂದ ಇಟಲಿಯ ಕಾರ್ಲೊಫೋರ್ಟೆವರೆಗೆ, ಅಮೆರಿಕದಲ್ಲೂ ಸೇರಿ, ವೀಕ್ಷಣಾಲಯಗಳ ಸಾಲು ಶುರುವಾಯಿತು. ಎಕ್ಸ್‌ಪ್ಲೋರರಿನಂತೆ ಭೂಮಿಯೂ ಬಾಗುವಾಗ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಈ ಓಲಾಟ ಕೆಲವು ದಶಕಗಳಲ್ಲಿ ಅಡಗಬೇಕಿತ್ತು. ಅಡಗಿಲ್ಲ. ಯಾರೋ ತಳ್ಳುತ್ತಲೇ ಇದ್ದಾರೆ. 2000ದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ರಿಚರ್ಡ್ ಗ್ರಾಸ್ 1985ರಿಂದ 1996ರವರೆಗಿನ ಅಳತೆಗಳನ್ನು ಹಿಡಿದು ಲೆಕ್ಕ ಮಾಡಿದರು. ತಳ್ಳುವುದರಲ್ಲಿ ಮೂರನೇ ಎರಡು ಪಾಲು ಸಮುದ್ರ ತಳದ ಮೇಲಿನ ಒತ್ತಡದ ಏರಿಳಿತದ್ದು, ಉಳಿದದ್ದು ಗಾಳಿಯ ಒತ್ತಡದ್ದು. ಜಿಪಿಎಸ್ ಲೆಕ್ಕಗಳಿಗೆ ಧ್ರುವ ಇವತ್ತು ಎಲ್ಲಿದೆ ಎಂಬುದು ಸೆಂಟಿಮೀಟರಿಗಿಂತ ಸೂಕ್ಷ್ಮವಾಗಿ ಬೇಕಾಗುತ್ತದೆ. ಅದನ್ನು ದಿನಾ ಅಳೆದು ಹೊಸದಾಗಿ ಪ್ರಕಟಿಸುತ್ತಾರೆ.