ಧಾರವಾಡಕ್ಕೆ ಹೋಗಿ ಬಂದ ಮೇಲೆ ಮನೆಯಲ್ಲಿ ಏನಾಗುತ್ತದೆ?

ನಮ್ಮ ಕಡೆ ‘ಇವನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ’ ಎಂದರೆ ಯಾರೂ ವಿಶ್ವವಿದ್ಯಾಲಯ ಅಂತ ತಿಳಿಯುವುದಿಲ್ಲ. ಪೇಡಾ ತರಲಿಕ್ಕೂ ಅಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಬೆಳೆದವರಿಗೆ ಆ ಮಾತಿಗೆ ಒಂದೇ ಅರ್ಥ: ತಲೆ ಕೆಟ್ಟಿದೆ, ದೊಡ್ಡ ಆಸ್ಪತ್ರೆಗೆ ಸೇರಿಸಿ. ಬ್ರಿಟಿಷರ ಕಾಲದ ಆ ಹುಚ್ಚಾಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಆಗಿದೆ. ಅಲ್ಲಿ ಓದು, ತರಬೇತಿ, ಚಿಕಿತ್ಸೆ ಎಲ್ಲ ನಡೆಯುತ್ತದೆ. ಆದರೆ ಬಸ್‌ಸ್ಟ್ಯಾಂಡಿನ ಮಾತು ಹಳೆಯದೇ ಉಳಿದಿದೆ.

ಇತ್ತೀಚೆಗೆ ಚಿತ್ರ ಇನ್ನಷ್ಟು ಗೋಜಲಾಗಿದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. 2022ರಿಂದ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನವರು ಮಾತಾಡಿಸುತ್ತಾರೆ. ಕಾಲೇಜುಗಳಲ್ಲಿ ಆಪ್ತಸಮಾಲೋಚಕರು. ಜೊತೆಗೆ ಅಂತ್ರ ಕಟ್ಟುವವರು, ಹೇಳಿಕೆ ಹೇಳುವವರು ಎಲ್ಲಿಯೂ ಹೋಗಿಲ್ಲ. ಮನೆಯವರಿಗೆ ತಲೆ ತಿರುಗುತ್ತದೆ. ಗುಳಿಗೆ ಸಾಕೋ? ಮಾತು ಬೇಕೋ? ಕಾಯಿಲೆ ತಲೆಯೊಳಗಿದೆಯೋ, ಮನೆಯೊಳಗಿದೆಯೋ?

ಈ ಕೊನೆಯ ಪ್ರಶ್ನೆ ನಮ್ಮೂರಿನದಷ್ಟೇ ಅಲ್ಲ. ಮನಸ್ಸಿನ ವಿಜ್ಞಾನವೇ ನೂರು ವರ್ಷ ಇದರ ಸುತ್ತ ಸುತ್ತಿದೆ.

ಆ ವಿಜ್ಞಾನಕ್ಕೆ ಕವಲು ಬಹಳ. ಅವುಗಳಲ್ಲಿ ಎರಡು ನಮಗೆ ಬೇಕು. ಒಂದು, ಕಾಯಿಲೆ ಬಿದ್ದ ಒಬ್ಬನನ್ನು ನೋಡುವ ಚಿಕಿತ್ಸಾ ಮನಃಶಾಸ್ತ್ರ. ಇನ್ನೊಂದು, ನಾಲ್ಕು ಮಂದಿ ಸೇರಿದಾಗ ಒಬ್ಬ ಹೇಗೆ ಬದಲಾಗುತ್ತಾನೆ ಎಂದು ನೋಡುವ ಸಾಮಾಜಿಕ ಮನಃಶಾಸ್ತ್ರ. ಮೊದಲನೆಯದಕ್ಕೆ 1896ರಲ್ಲಿ ಅಮೆರಿಕದ ಲೈಟ್ನರ್ ವಿಟ್ಮರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಲಿನಿಕ್ ತೆರೆದರು. ಮನೋರೋಗಕ್ಕೆ ಮೀಸಲಾಗಿದ್ದ ಅಲ್ಲಿನ ಪತ್ರಿಕೆಯೊಂದು 1921ರಲ್ಲಿ ಹೆಸರಿಗೆ ‘ಸಾಮಾಜಿಕ’ ಎಂದೂ ಸೇರಿಸಿಕೊಂಡಿತು. ಎರಡೂ ಕವಲು ಒಂದೇ ಸೂರಿನಡಿ ಬಂದವು. 1965ರಲ್ಲಿ ಅದೇ ಪತ್ರಿಕೆ ಒಡೆದು ಎರಡಾಯಿತು. ಅಣ್ಣತಮ್ಮಂದಿರು ಪಾಲಾದ ಹಾಗೆ. ಮನೆ ಎರಡಾದರೂ ಬಾವಿ ಒಂದೇ ಇತ್ತು, ಆದರೆ ನೀರು ಸೇದುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಪಾಲಾಗುವ ಮೊದಲೇ ಒಂದು ಒಳ್ಳೆಯ ಸುಳಿವು ಸಿಕ್ಕಿತ್ತು. ಮನಃಶಾಸ್ತ್ರಜ್ಞ ಕರ್ಟ್ ಲೆವಿನ್ ಯಹೂದಿ. ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟು ಅಮೆರಿಕ ಸೇರಿದವರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಲ್ಲಿ ಮಾಂಸದ ಕೊರತೆ. ಗುಂಡಿಗೆ, ಮೂತ್ರಪಿಂಡ ತಿನ್ನಿ ಎಂದರೆ ಗೃಹಿಣಿಯರು ಮೂಗು ಮುರಿಯುತ್ತಿದ್ದರು. ಲೆವಿನ್ ಕೆಲವರಿಗೆ ಚೆನ್ನಾಗಿ ಭಾಷಣ ಮಾಡಿಸಿದರು. ಇನ್ನು ಕೆಲವರನ್ನು ಸುಮ್ನೆ ಒಟ್ಟಿಗೆ ಕೂರಿಸಿ, ನೀವೇ ಮಾತಾಡಿಕೊಂಡು ತೀರ್ಮಾನ ಮಾಡಿ ಎಂದರು. ಭಾಷಣ ಕೇಳಿದವರಲ್ಲಿ ನೂರಕ್ಕೆ 3 ಮಂದಿ ಅದರ ಅಡುಗೆ ಮಾಡಿದರು. ಮಾತಾಡಿಕೊಂಡವರಲ್ಲಿ 32. ಮುಂದೆ ಗುಂಪು ಚಿಕಿತ್ಸೆಯ ಕೆಲವು ವಿಚಾರ ಈ ದಾರಿಯಲ್ಲಿ ಬೆಳೆಯಿತು. ನಮ್ಮಲ್ಲಿ ‘ಜಾಗೃತಿ ಭಾಷಣ’ ಏರ್ಪಡಿಸುವವರು ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಂಡರೆ ಶಾಮಿಯಾನದ ಖರ್ಚಾದರೂ ಉಳಿಯುತ್ತಿತ್ತು.

ಆದರೆ ಮನೆಯ ಕದ ತಟ್ಟಿದ ಕಥೆ ಬೇರೆ. ಅದು ಲಂಡನ್ನಿನದು. ಇಲ್ಲಿ ಸ್ವಲ್ಪ ನಿಲ್ಲಬೇಕು.

1950ರ ದಶಕದಲ್ಲಿ ಸ್ಕಿಜೋಫ್ರೇನಿಯಾ ಎಂಬ, ಭ್ರಮೆ ಹುಟ್ಟಿಸುವ ಮನೋರೋಗಕ್ಕೆ ಹೊಸ ಗುಳಿಗೆ ಬಂತು. ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದವರು ಮನೆಗೆ ಹೋಗತೊಡಗಿದರು. ಕೆಲವರು ಚೆನ್ನಾಗಿದ್ದರು. ಕೆಲವರು ತಿಂಗಳೊಪ್ಪತ್ತಿನಲ್ಲಿ ವಾಪಸ್. ಯಾಕೆ ಅಂತ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞ ಲೆಕ್ಕ ಹಾಕಲು ಕೂತರು. ಸಿಕ್ಕಿದ್ದು ವಿಚಿತ್ರ ಉತ್ತರ. ಬಾಡಿಗೆ ಕೋಣೆಗೆ ಹೋದವರು, ಅಣ್ಣ ತಮ್ಮ ಅಕ್ಕ ತಂಗಿಯರ ಮನೆಗೆ ಹೋದವರು ಹೆಚ್ಚು ಚೆನ್ನಾಗಿದ್ದರು. ತಾಯಿ ಅಥವಾ ಹೆಂಡತಿ ಇರುವ ಮನೆಗೆ ಹೋದವರು ಜಾಸ್ತಿ ತಿರುಗಿ ಬಂದರು.

ಹಾಗಾದರೆ ತಾಯಿಯದೇ ತಪ್ಪೇ? ಆ ಕಾಲದಲ್ಲಿ ಹಾಗೆ ಹೇಳುವ ಪಂಡಿತರು ಬೇಕಾದಷ್ಟಿದ್ದರು. ಬ್ರೌನ್ ಆ ದಾರಿ ಹಿಡಿಯಲಿಲ್ಲ. ಮನೆಮಂದಿಯನ್ನು ಕೂರಿಸಿ ಮಾತಾಡಿಸಿದರು, ಧ್ವನಿಮುದ್ರಣ ಮಾಡಿದರು. ಏನು ಹೇಳಿದರು ಎನ್ನುವುದರ ಜೊತೆಗೆ ಯಾವ ದನಿಯಲ್ಲಿ ಹೇಳಿದರು ಎಂದೂ ಎಣಿಸಿದರು. ಕುಟುಕು ಮಾತು ಎಷ್ಟು? ಹಗೆ ಇದೆಯೇ? ಅತಿಯಾದ ಕಕ್ಕುಲಾತಿ ಇದೆಯೇ? ಕಕ್ಕುಲಾತಿಯನ್ನೂ ಲೆಕ್ಕಕ್ಕೆ ತಗೊಂಡಿದ್ದು ಗಮನಿಸಿ. ಮೂವತ್ತು ವರ್ಷದ ಮಗನಿಗೆ ತುತ್ತು ಮಾಡಿ ಹಾಕುವುದು, ಅವನು ನಿದ್ದೆಯಲ್ಲಿ ಹೊರಳಿದರೂ ಎದ್ದು ಕೂರುವುದು. ಪ್ರೀತಿಯೇ, ಆದರೆ ಉಸಿರು ಕಟ್ಟುವ ಪ್ರೀತಿ. ಇದೆಲ್ಲ ಸೇರಿ ಆದ ಅಳತೆಗೆ ‘ಎಕ್ಸ್‌ಪ್ರೆಸ್ಡ್ ಎಮೋಷನ್’ ಎಂದು ಹೆಸರಾಯಿತು. ಮನೆಯ ಕಾವು ಎನ್ನಿ.

1976ರಲ್ಲಿ ಲಂಡನ್ನಿನ ಸಂಶೋಧಕರಾದ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಹಳೆಯ, ಹೊಸ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಾವು ಜಾಸ್ತಿ ಇದ್ದ ಮನೆಗಳಲ್ಲಿ ಒಂಬತ್ತು ತಿಂಗಳೊಳಗೆ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ಮರುಕಳಿಸಿತ್ತು. ಕಾವು ಕಡಿಮೆ ಇದ್ದಲ್ಲಿ ಎಂಟರಲ್ಲಿ ಒಬ್ಬರಿಗೆ. ವಾರಕ್ಕೆ 35 ಗಂಟೆಗಿಂತ ಜಾಸ್ತಿ ಮುಖಾಮುಖಿ ಇದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಗುಳಿಗೆ ತೆಗೆದುಕೊಂಡವರಿಗೆ ಅಪಾಯ ಕಡಿಮೆಯಾಗಿತ್ತು, ಅದೂ ಅಷ್ಟೇ ನಿಜ. ಗುಳಿಗೆ ದಂಡ ಎನ್ನುವವರು ಈ ಭಾಗವನ್ನು ಹಾರಿಸಿ ಓದುತ್ತಾರೆ.

ಕುಟುಕು ಮಾತು ಎಲ್ಲಿಂದ ಬರುತ್ತದೆ? ಇಲ್ಲಿ ಸಾಮಾಜಿಕ ಮನಃಶಾಸ್ತ್ರ ನೇರವಾಗಿ ಮನೆಯೊಳಗೆ ಬರುತ್ತದೆ. ಇನ್ನೊಬ್ಬರ ನಡತೆಗೆ ನಾವು ಕಾರಣ ಹುಡುಕುವುದು ಹೇಗೆ ಎಂಬ ಪ್ರಶ್ನೆಯನ್ನು 1958ರಲ್ಲಿ ಮನಃಶಾಸ್ತ್ರಜ್ಞ ಫ್ರಿಟ್ಜ್ ಹೈಡರ್ ಎತ್ತಿದ್ದರು. ನಾನು ತಡವಾಗಿ ಬಂದರೆ ಬಸ್ಸು ಕೆಟ್ಟಿತ್ತು. ನೀನು ತಡವಾಗಿ ಬಂದರೆ ನಿನಗೆ ಜವಾಬ್ದಾರಿ ಇಲ್ಲ. ಅವರ ನಂತರದವರು ಈ ಅಭ್ಯಾಸವನ್ನು ಬಿಡಿಸಿ ಬಿಡಿಸಿ ತೋರಿಸಿದರು. ಕಾಯಿಲೆ ಇದ್ದ ಮನೆಗಳಲ್ಲೂ ಇದೇ ಕಂಡಿತು. ಹೆಚ್ಚು ಬೈಯುವ ಮನೆಯವರು, ರೋಗಿ ಬೇಕಂತಲೇ ಹೀಗೆ ಮಾಡುತ್ತಾನೆ ಎಂದು ನಂಬಿರುತ್ತಾರೆ. ಮನಸ್ಸು ಮಾಡಿದರೆ ಅವನ ಕೈಲಿ ಆಗುತ್ತದೆ ಎಂದುಕೊಂಡಿರುತ್ತಾರೆ. ಭ್ರಮೆ, ಕೂಗಾಟ ಇದ್ದಾಗ ಅದು ರೋಗ ಎಂದು ಒಪ್ಪುತ್ತಾರೆ. ಆದರೆ ಅವನು ಜಳಕ ಮಾಡದಿದ್ದರೆ, ಹೊಲಕ್ಕೆ ಬರದಿದ್ದರೆ, ಮೂಲೆ ಹಿಡಿದು ಕೂತರೆ? ‘ಮೈಗಳ್ಳ. ಕೂಳಿಗೆ ಮಾತ್ರ ಏಳ್ತಾನ.’ ಇಂಡಿಯಲ್ಲಾಗಲಿ, ಮುಧೋಳದಲ್ಲಾಗಲಿ ಈ ಮಾತು ಕೇಳದ ಓಣಿ ಇದೆಯೇ? ಹಾಗೆ ಮೂಲೆ ಹಿಡಿಯುವುದೂ ಆ ಕಾಯಿಲೆಯದೇ ಲಕ್ಷಣ ಎಂದು ಅವರಿಗೆ ಬಿಡಿಸಿ ಹೇಳಲು ಯಾರೂ ಹತ್ತು ನಿಮಿಷ ಕೂತಿರುವುದಿಲ್ಲ.

ಲೆಫ್ ಮತ್ತು ಜೊತೆಗಾರರು 1982ರಲ್ಲಿ ಕಾವು ಇಳಿಸಬಹುದೇ ಎಂದು ನೋಡಿದರು. 24 ಕುಟುಂಬ. ರೋಗಿಗಳೆಲ್ಲರಿಗೂ ಗುಳಿಗೆ ಇತ್ತು. ಅರ್ಧ ಕುಟುಂಬಗಳಿಗೆ ಮಾತ್ರ ಕಾಯಿಲೆಯ ಬಗ್ಗೆ ತಿಳಿಹೇಳಿದರು, ಮನೆಗೆ ಹೋಗಿ ಮಾತಾಡಿದರು. ಜೊತೆಗೆ ಮನೆಯವರದೇ ಒಂದು ಗುಂಪು ಮಾಡಿದರು. ಅದರಲ್ಲಿ ಜಾಣತನ ಇತ್ತು. ತಾಳ್ಮೆಯಿಂದ ನಿಭಾಯಿಸುವ ಮನೆಯವರನ್ನೂ ಸಿಡಿಮಿಡಿ ಮಾಡುವ ಮನೆಯವರನ್ನೂ ಒಂದೇ ಕಡೆ ಕೂರಿಸಿದರು. ಬುದ್ಧಿ ಹೇಳುವ ಕೆಲಸವನ್ನು ಡಾಕ್ಟರ್ ಒಬ್ಬರೇ ಹೊರಲಿಲ್ಲ. ಲೆವಿನ್ನರ ಗೃಹಿಣಿಯರು ನೆನಪಾದರೇ? ಒಂಬತ್ತು ತಿಂಗಳ ನಂತರ ನೋಡಿದರೆ, ಬರೀ ಗುಳಿಗೆಯವರಲ್ಲಿ ಅರ್ಧ ಜನರಿಗೆ ಮರುಕಳಿಸಿತ್ತು. ಈ ಕಡೆ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಸಣ್ಣ ಅಧ್ಯಯನ, ನಿಜ. ಆದರೆ ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನಡೆದ ಕೆಲಸವೂ ಇದೇ ದಿಕ್ಕಿಗೆ ಬೆರಳು ತೋರಿಸಿತು.

ನಮ್ಮ ದೇಶ ಈ ವಿಷಯದಲ್ಲಿ ಹಿಂದಿತ್ತು ಅಂತ ತಿಳಿಯಬೇಡಿ. 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಚಂಡೀಗಢದಲ್ಲಿ ಲಂಡನ್ನಿನ ಅದೇ ಅಳತೆಗೋಲು ಹಿಡಿದು ನೋಡಿದರು. 1987ರಲ್ಲಿ ಫಲಿತಾಂಶ ಬಂತು. ಕಾವು ಜಾಸ್ತಿ ಇದ್ದ ಮನೆಗಳು ಕಾಲು ಭಾಗಕ್ಕಿಂತ ಕಡಿಮೆ. ಹಳ್ಳಿಗಳಲ್ಲಂತೂ ಇನ್ನೂ ಕಮ್ಮಿ. ಕೂಡು ಕುಟುಂಬದಲ್ಲಿ ಕಾವು ಹತ್ತು ಜನರಿಗೆ ಹಂಚಿ ಹೋಗುತ್ತದೆ ಎಂದು ಕೆಲವರು ಅರ್ಥ ಹೇಳಿದರು. ಅದನ್ನೇ ಹಿಡಿದು ‘ನಮ್ಮ ಸಂಸ್ಕೃತಿಯೇ ಔಷಧ’ ಎಂದು ಎದೆ ತಟ್ಟಿಕೊಂಡವರೂ ಇದ್ದಾರೆ. ಇದು 80ರ ದಶಕದ ಮನೆಗಳ ಚಿತ್ರ. ಅಷ್ಟು ಬೇಗ ಎದೆ ತಟ್ಟಿಕೊಳ್ಳಲು ಆಗುವುದಿಲ್ಲ. ವಿಜಯಪುರದ ತಾಂಡಾಗಳಿಂದ ಗಂಡ ಹೆಂಡತಿ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿದ್ದಾರೆ. ಕಾಯಿಲೆಯ ಮಗನ ಜೊತೆ ಮುದುಕಿ ಒಬ್ಬಳೇ. ಇಲ್ಲಿ ಕಾವು ಹಂಚಿಕೊಳ್ಳುವವರು ಯಾರು? ವಾರಕ್ಕೆ 35 ಗಂಟೆ ಎಲ್ಲಿ, ದಿನದ 24 ಗಂಟೆಯೂ ಅವರಿಬ್ಬರೇ.

ಇನ್ನೊಂದು ಕಡೆ, ‘ಮಂದಿ ಏನಂದಾರು’ ಎಂಬ ಭಯ. ಅದಕ್ಕೂ ಹಳೆಯ ಇತಿಹಾಸ ಇದೆ. ಮಗಳ ಮದುವೆ ನಿಂತೀತು ಅಂತ ಮಗನ ಕಾಯಿಲೆ ಮುಚ್ಚಿಡುತ್ತಾರೆ. ರಾತ್ರಿ ಬಸ್ಸಿಗೆ ಬೇರೆ ಜಿಲ್ಲೆಯ ಡಾಕ್ಟರ ಹತ್ತಿರ ಹೋಗುತ್ತಾರೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಹತ್ತಿರದ ಆಶ್ರಮಕ್ಕೆ ಬೆಂಕಿ ಬಿದ್ದು 28 ರೋಗಿಗಳು ಸತ್ತರು. ಸರಪಳಿ ಕಟ್ಟಿದ್ದರಿಂದ ಓಡಲಾಗಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ನಿಷೇಧಿಸಿತು. ಕಾಯ್ದೆ ಕಬ್ಬಿಣವನ್ನು ಬಿಚ್ಚಬಹುದು. ಓಣಿಯ ಪಿಸುಮಾತಿಗೆ ಏನು ಮಾಡಬೇಕು? ಇದಕ್ಕೂ ಸಾಮಾಜಿಕ ಮನಃಶಾಸ್ತ್ರದಲ್ಲಿ ಉತ್ತರದ ತುಣುಕಿದೆ. ಪೋಸ್ಟರ್ ಓದಿಸುವುದಕ್ಕಿಂತ, ಕಾಯಿಲೆಯಿಂದ ಚೇತರಿಸಿಕೊಂಡ ಒಬ್ಬರ ಜೊತೆ ಕೂತು ಮಾತಾಡಿದರೆ ದೊಡ್ಡವರ ಅಂಜಿಕೆ ಜಾಸ್ತಿ ಕರಗುತ್ತದೆ.

ಬ್ರೌನ್ ಅಲ್ಲಿಗೇ ನಿಲ್ಲಲಿಲ್ಲ. 1978ರಲ್ಲಿ ಟಿರಿಲ್ ಹ್ಯಾರಿಸ್ ಜೊತೆ ಲಂಡನ್ನಿನ ಕ್ಯಾಂಬರ್ವೆಲ್‌ನ ಹೆಂಗಸರ ಖಿನ್ನತೆ ಬಗ್ಗೆ ಬರೆದರು. ದೊಡ್ಡ ನಷ್ಟ ಬಂದಾಗ ಯಾರು ಕುಸಿಯುತ್ತಾರೆ? ಮನಸ್ಸು ಬಿಚ್ಚಿ ಮಾತಾಡಲು ಹತ್ತಿರದ ಒಬ್ಬರೂ ಇಲ್ಲದವರು ಹೆಚ್ಚು ಕುಸಿಯುತ್ತಿದ್ದರು. ಇದನ್ನು ಓದಿದಾಗೆಲ್ಲ ನನಗೆ ಬಾಗಲಕೋಟೆ ನೆನಪಾಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಓಣಿ ಹೋದವು. ನವನಗರ ಎದ್ದಿತು. ಅಗಲ ರಸ್ತೆ, ನಂಬರ್ ಹಾಕಿದ ಸೆಕ್ಟರ್‌ಗಳು. ಮನೆಗೆ, ಹೊಲಕ್ಕೆ ಪರಿಹಾರ ಇತ್ತು. ಎದುರುಮನೆ ಅವ್ವ ಬೇರೆ ಸೆಕ್ಟರ್‌ಗೆ ಹೋದದ್ದಕ್ಕೆ ಅರ್ಜಿಯಲ್ಲಿ ಯಾವ ಕಾಲಂ ಇರುತ್ತದೆ? ಅಣೆಕಟ್ಟಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರುವ ಮಾತು ಬಂದಾಗಲೆಲ್ಲ ಎಕರೆಗೆ ಎಷ್ಟು ಎಂಬ ಚರ್ಚೆಯೇ ನಡೆಯುತ್ತದೆ. ಅದು ನಡೆಯಬೇಕಾದ್ದೇ. ಆದರೆ ಅಷ್ಟೇ ಅಲ್ಲ, ಅಲ್ವಾ?

ಕಬ್ಬಿನ ಸೀಮೆಗೂ ಒಂದು ಮಾತು. 1978ರಲ್ಲೇ ಅಬ್ರಾಮ್ಸನ್, ಸೆಲಿಗ್ಮನ್, ಟೀಸ್‌ಡೇಲ್ ಎಂಬ ಮೂವರು ಮನಃಶಾಸ್ತ್ರಜ್ಞರು ಸೇರಿ ಖಿನ್ನತೆಯ ಒಂದು ವಿವರಣೆ ಕೊಟ್ಟರು. ಸೋತಾಗ ‘ತಪ್ಪು ನನ್ನದೇ, ಇದು ಎಂದೂ ಬದಲಾಗಲ್ಲ, ಎಲ್ಲದರಲ್ಲೂ ಹೀಗೇ’ ಎನ್ನುವವರು ಬೇಗ ಕುಗ್ಗುತ್ತಾರೆ ಎಂದರು. ಈ ಯೋಚನೆಯನ್ನು ಸಡಿಲ ಮಾಡುವುದು ಇವತ್ತಿನ ಮಾತಿನ ಚಿಕಿತ್ಸೆಯ ಒಂದು ದೊಡ್ಡ ಕೆಲಸ. ಜಮಖಂಡಿ, ಗೋಕಾಕ ಕಡೆಯ ರೈತನಿಗೂ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ನಿಜವಾಗಿಯೂ ಬಾಕಿ ಇದ್ದಾಗ, ಯೋಚನೆ ಬದಲಿಸಿ ಎಂದಷ್ಟೇ ಹೇಳಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಚಿಕಿತ್ಸೆಯನ್ನು ಜಿಲ್ಲೆಗೆ ತರುವ ಕೆಲಸ ನಮ್ಮ ರಾಜ್ಯದಲ್ಲೇ ಶುರುವಾಯಿತು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಗುಳಿಗೆ ಹಳ್ಳಿಗೆ ಹತ್ತಿರ ಬಂತು. ಅದು ಸಣ್ಣ ಸಾಧನೆಯಲ್ಲ. ಮನೆಯವರನ್ನು ಕೂರಿಸಿಕೊಂಡು ಮಾತಾಡುವ ಭಾಗ ಅಷ್ಟು ವೇಗವಾಗಿ ಬರಲಿಲ್ಲ. ಅದಕ್ಕೆ ಹೊತ್ತು ಬೇಕು, ಮಂದಿ ಬೇಕು.

ಹೀಗಾಗಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಕೂತರೆ ಒಂದು ತಮಾಷೆ ಕಾಣುತ್ತದೆ. ಒಳಗೆ ಡಾಕ್ಟರ ಮುಂದೆ ಒಬ್ಬೊಬ್ಬರಿಗೆ ಐದೇ ನಿಮಿಷ. ಹೊರಗೆ ಬೆಂಚಿನ ಮೇಲೆ ಎರಡು ತಾಸು. ಅಲ್ಲಿ ಲೆಫ್ ಮಾಡಿದ್ದ ಗುಂಪು ತಾನಾಗಿಯೇ ಕೂಡುತ್ತದೆ, ಯಾರೂ ಕರೆದಿರುವುದಿಲ್ಲ.

‘ನಿಮ್ಮ ಹುಡುಗ ಜಳಕ ಮಾಡ್ತಾನ್ರಿ?’ ಎಂದು ಒಬ್ಬಾಕೆ ಕೇಳಿದಳು.

‘ಮೊದಲ ಮಾಡ್ತಿದ್ದಿಲ್ಲ ಬಿಡವಾ. ಬೈದ್ ಬೈದ್ ನನಗs ಸಾಕಾತು. ಈಗ ನೀರ ಕಾಸಿಟ್ಟು ನಾ ಹೊಲಕ್ಕ ಹೋಗಿಬಿಡ್ತೀನಿ. ಬರೂದರಾಗ ಒಮ್ಮೊಮ್ಮೆ ಮಾಡಿರ್ತಾನ.’

‘ಒಮ್ಮೊಮ್ಮೆ?’

‘ಹೂಂ, ಒಮ್ಮೊಮ್ಮೆ. ಉಳಿದ ದಿನ ಅದs ನೀರಾಗ ನಾ ಅರಿಬಿ ಒಗೀತೀನಿ.’

ಇಬ್ಬರೂ ನಕ್ಕರು. ಅಷ್ಟರಲ್ಲಿ ನರ್ಸ್ ಹೆಸರು ಕೂಗಿದಳು. ಕೇಳಿದಾಕೆ ಎದ್ದು, ಮಗನ ತೋಳು ಹಿಡಿಯಲು ಕೈ ಚಾಚಿ, ಹಿಂದಕ್ಕೆ ತಗೊಂಡಳು. ಅವನು ತಾನೇ ನಡೆದು ಒಳಗೆ ಹೋದ.