ಸಕಲೇಶಪುರವೂ ಅರಸೀಕೆರೆಯೂ ಒಂದೇ ಚೌಕದಲ್ಲಿ

ಏಪ್ರಿಲ್ ತಿಂಗಳಲ್ಲಿ ಸಕಲೇಶಪುರದಲ್ಲಿ ಬಸ್ ಹತ್ತಿ, ಹಾಸನ ದಾಟಿ, ಮಧ್ಯಾಹ್ನ ಅರಸೀಕೆರೆಯಲ್ಲಿ ಇಳಿಯುವವರಿಗೆ ಸೆಕೆಯ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಘಟ್ಟದ ಎತ್ತರದಿಂದ ಕೆಳಗೆ ಬಂದೆವಲ್ಲ, ಅದಕ್ಕೇ ಸೆಕೆ ಎನ್ನುವುದು ರೂಢಿಯ ಮಾತು. ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. ಎರಡು ಊರುಗಳ ಎತ್ತರದ ಅಂತರ 200 ಮೀಟರಿನೊಳಗೇ ಇದೆ. ಅದರಿಂದ ಆಗುವ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸು. ಮೋಡ ಮತ್ತು ಕಡಲ ಕಡೆಯ ಗಾಳಿಯ ಪಾಲನ್ನು ಕಳೆದ ಮೇಲೂ ನೆಲದ ಪಾಲು, ಅಂದರೆ ಮಣ್ಣಿನ ತೇವ ಮತ್ತು ಹಸಿರಿನ ಪಾಲು, ಸಣ್ಣದೇನಲ್ಲ.

ನಡುಹಗಲಿನಲ್ಲಿ ಒಂದು ಚದರ ಮೀಟರ್ ನೆಲಕ್ಕೆ ನಿವ್ವಳ 500 ವಾಟ್ ಶಕ್ತಿ ದಕ್ಕಿತು ಎಂದುಕೊಳ್ಳೋಣ. ಕಾಫಿಯ ಹೂವರಳಿಸುವ ಹೂಮಳೆ ಬಿದ್ದ ಮರುದಿನದ ತೋಟದಲ್ಲಿ ಅದರ 400 ವಾಟ್ ನೀರನ್ನು ಆವಿಯಾಗಿಸುವುದಕ್ಕೇ ಹೋಗಬಹುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಬೇಕು. ಈ ಲೆಕ್ಕದಲ್ಲಿ ಒಂದು ಎಕರೆ ತೋಟ ಗಂಟೆಗೆ 2,300 ಲೀಟರಿಗೂ ಹೆಚ್ಚು ನೀರನ್ನು ಸದ್ದಿಲ್ಲದೆ ಆಕಾಶಕ್ಕೆ ಎತ್ತುತ್ತದೆ, ಅದೂ ಮೋಟಾರು, ಕರೆಂಟು ಬಿಲ್ಲು ಯಾವುದೂ ಇಲ್ಲದೆ. ಗಾಳಿಯನ್ನು ನೇರವಾಗಿ ಕಾಯಿಸಲು ಉಳಿಯುವುದು ಅಲ್ಪ. ಉತ್ತು ಬಿಟ್ಟ ಅರಸೀಕೆರೆಯ ರಾಗಿ ಹೊಲದಲ್ಲಿ ಆವಿಯಾಗಲು ನೀರೇ ಇಲ್ಲ. ಮಣ್ಣಿನೊಳಕ್ಕೆ ಇಳಿಯುವ ಒಂದಿಷ್ಟನ್ನು ಬಿಟ್ಟರೆ ಉಳಿದ ಶಕ್ತಿಯೆಲ್ಲ ಗಾಳಿಯ ಕಾವಾಗುತ್ತದೆ.

ಹವಾಮಾನದ ಕಂಪ್ಯೂಟರ್ ಮಾದರಿಗಳು ಈ ಹಂಚಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಮೊದಮೊದಲು ತೀರಾ ಒರಟಾಗಿ. 1969ರಲ್ಲಿ ಹವಾಮಾನ ವಿಜ್ಞಾನಿ ಸ್ಯುಕುರೊ ಮನಾಬೆ ಇಡೀ ಭೂಭಾಗವನ್ನು 15 ಸೆಂಟಿಮೀಟರ್ ನೀರು ಹಿಡಿಯುವ ಬಕೆಟ್‌ಗಳಂತೆ ಕಲ್ಪಿಸಿದರು. ಮಳೆ ಬಂದರೆ ತುಂಬುತ್ತದೆ, ಹೆಚ್ಚಾದರೆ ಚೆಲ್ಲುತ್ತದೆ, ಬಿಸಿಲಿಗೆ ಆರುತ್ತದೆ. ಬೇರಿಲ್ಲ, ಎಲೆಯಿಲ್ಲ. ನಗಬೇಕಾಗಿಲ್ಲ, ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ಮುಂದೆ 1982ರಲ್ಲಿ, ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ಹವಾಮಾನ ವಿಜ್ಞಾನಿ ಜಗದೀಶ್ ಶುಕ್ಲ, ಇನ್ನೊಬ್ಬ ವಿಜ್ಞಾನಿ ಯೇಲ್ ಮಿಂಟ್ಜ್ ಅವರೊಂದಿಗೆ ಸೇರಿ ಮಾದರಿಯನ್ನು ಎರಡು ಬಾರಿ ಓಡಿಸಿದರು. ಒಮ್ಮೆ ಭೂಮಿಯೆಲ್ಲ ಒದ್ದೆ, ಇನ್ನೊಮ್ಮೆ ಆವಿಯೇ ಏಳದಷ್ಟು ಒಣ. ಒಣ ನೆಲದ ಜಗತ್ತಿನಲ್ಲಿ ಉಷ್ಣತೆ ವಿಪರೀತ ಏರಿತು, ಮಳೆಯ ನಕ್ಷೆಯೇ ಬದಲಾಯಿತು. ಎಲೆಗಳು ನೀರಾವಿ ಬಿಡುವ ಸಣ್ಣ ತೂತುಗಳಾದ ಪತ್ರರಂಧ್ರಗಳು ತೆರೆದು ಮುಚ್ಚುವುದನ್ನೂ ಲೆಕ್ಕಿಸುವ ಮಾದರಿಗಳು ಬಂದದ್ದು ಆ ದಶಕದಲ್ಲೇ.

ಹಾಗೆಂದು ನೆಲದ ಮಾತು ಎಲ್ಲ ಕಡೆಯೂ ಒಂದೇ ಸಮನೆ ನಡೆಯುವುದಿಲ್ಲ. ಜುಲೈನ ಮಲೆನಾಡಿನಲ್ಲಿ ಮಣ್ಣಿಗೆ ಇನ್ನಷ್ಟು ನೀರು ಸುರಿದರೂ ಆವಿ ಹೆಚ್ಚುವುದಿಲ್ಲ. ಅಲ್ಲಿ ಕೊರತೆ ಬಿಸಿಲಿನದು. ಮರುಭೂಮಿಯಲ್ಲಿ ಬಿಸಿಲಿದೆ, ನೀರಿಲ್ಲ. ಇವೆರಡರ ನಡುವಿನ ಅರೆಶುಷ್ಕ ಸೀಮೆಗಳಲ್ಲಿ ಮಣ್ಣಿನ ತೇವವೇ ಯಜಮಾನ. 2004ರಲ್ಲಿ ಹನ್ನೆರಡು ಮಾದರಿಗಳನ್ನು ಹೋಲಿಸಿ ನೋಡಿದಾಗ, ಮಣ್ಣಿನ ತೇವಕ್ಕೂ ಮಳೆಗೂ ನಂಟು ಗಟ್ಟಿಯಾಗಿರುವ ಪ್ರದೇಶಗಳ ಪಟ್ಟಿಯಲ್ಲಿ ಉತ್ತರ ಅಮೆರಿಕದ ಬಯಲು ಮತ್ತು ಆಫ್ರಿಕದ ಸಾಹೆಲ್ ಜೊತೆಗೆ ಭಾರತದ ಭಾಗಗಳೂ ಕಾಣಿಸಿಕೊಂಡವು.

ನಮ್ಮ ಜಿಲ್ಲೆಗಳ ತೊಡಕು ಬೇರೆ. ಜಾಗತಿಕ ಮಾದರಿಗಳು ಭೂಮಿಯನ್ನು ಸಾಮಾನ್ಯವಾಗಿ ನೂರು ಕಿಲೋಮೀಟರ್ ಆಸುಪಾಸಿನ ಚೌಕಗಳಾಗಿ ಕತ್ತರಿಸುತ್ತವೆ. ವರ್ಷದ ಮಳೆ ಎರಡು ಸಾವಿರ ಮಿಲಿಮೀಟರ್ ದಾಟುವ ಸಕಲೇಶಪುರವೂ ಆರೇಳು ನೂರರಲ್ಲೇ ಹೆಣಗುವ ಅರಸೀಕೆರೆಯೂ ಒಂದೇ ಚೌಕದೊಳಗೆ ಬೀಳಬಹುದು. ಚಿಕ್ಕಮಗಳೂರಿನಲ್ಲಿ ಮೂಡಿಗೆರೆಗೂ ಕಡೂರಿಗೂ ಇದೇ ಪಾಡು. ಎರಡನ್ನೂ ಸರಾಸರಿ ಮಾಡಿದರೆ ಅರೆ ಒದ್ದೆಯಾದ, ಎಲ್ಲೂ ಇಲ್ಲದ ಒಂದು ಊರು ಹುಟ್ಟುತ್ತದೆ. ಹೀಗಾಗಿ ಈಗಿನ ಅನೇಕ ಮಾದರಿಗಳು ಚೌಕದೊಳಗಿನ ಕಾಡು, ಹೊಲ, ಹುಲ್ಲುಗಾವಲು, ಕೆರೆಗಳನ್ನು ಬೇರೆ ಬೇರೆ ತುಂಡುಗಳಾಗಿ ಲೆಕ್ಕ ಹಾಕಿ ಕೊನೆಗೆ ಕೂಡಿಸುತ್ತವೆ. ಮೇಲಿನ ಗಾಳಿ ಮಾತ್ರ ಎಲ್ಲಕ್ಕೂ ಒಂದೇ.

ಕಾಫಿ ತೋಟವನ್ನು ಯಾವ ತುಂಡಿಗೆ ಸೇರಿಸುವುದು? ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳಿನಡಿಯ ತೋಟ ಉಪಗ್ರಹದ ಕಣ್ಣಿಗೆ ಕಾಡಿನಂತೆಯೇ ಕಾಣುತ್ತದೆ. ಆದರೆ ಮರಕಸಿ ಮಾಡಿಸಿದ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸಿದ ವರ್ಷ ಅದೇ ತೋಟದೊಳಗೆ ಬಿಸಿಲು ನೆಲ ಮುಟ್ಟುತ್ತದೆ, ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ತಿರುಗುತ್ತದೆ. ಕಾಡಿಗೆ ಈ ಎರಡೂ ಭಾಗ್ಯವಿಲ್ಲ. ನನ್ನ ಮಟ್ಟಿಗೆ ಇದು ಕ್ಷುಲ್ಲಕ ತಕರಾರಲ್ಲ. ನೆಲವನ್ನು ತಪ್ಪಾಗಿ ಹೆಸರಿಸಿದರೆ ಮೇಲೇಳುವ ಆವಿಯ ಲೆಕ್ಕವೂ ತಪ್ಪುತ್ತದೆ.

ಒದ್ದೆ ನೆಲ ಮಳೆ ತರುತ್ತದೆ ಎಂಬ ಸರಳ ಸೂತ್ರವೂ ಪೂರ್ತಿ ನಂಬಿಕಸ್ಥವಲ್ಲ. 2012ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರಲ್ಲಿ, ಮಧ್ಯಾಹ್ನದ ಮಳೆ ಸುತ್ತಲಿಗಿಂತ ಒಣಗಿದ ನೆಲದ ಮೇಲೆ ಬೀಳುವ ಸಾಧ್ಯತೆಯೇ ಹೆಚ್ಚು ಎಂದು ಕಂಡಿತು. ಕಾದ ಗಾಳಿ ರಭಸದಿಂದ ಮೇಲೇರುತ್ತದೆ, ಪಕ್ಕದ ತೇವದ ಗಾಳಿ ಅಲ್ಲಿಗೆ ನುಗ್ಗುತ್ತದೆ. ಅಂದು ಪರೀಕ್ಷಿಸಿದ ಜಾಗತಿಕ ಮಾದರಿಗಳು ಹೇಳುತ್ತಿದ್ದುದು ಇದಕ್ಕೆ ತದ್ವಿರುದ್ಧ.

ಇಂಥ ಜಗಳ ತೀರಬೇಕಾದರೆ ಮಣ್ಣಿನ ತೇವವನ್ನು ಅಳೆಯಬೇಕು. 2015ರಿಂದ ನಾಸಾದ ಸ್ಮ್ಯಾಪ್ ಉಪಗ್ರಹ ಮೇಲ್ಮಣ್ಣಿನ ಕೆಲವೇ ಸೆಂಟಿಮೀಟರ್‌ಗಳ ತೇವವನ್ನು ಅಳೆಯುತ್ತಿದೆ. 2025ರ ಜುಲೈನಲ್ಲಿ ಶ್ರೀಹರಿಕೋಟದಿಂದ ಹಾರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್ ಇನ್ನೂ ಸೂಕ್ಷ್ಮವಾಗಿ ನೋಡಬಲ್ಲದು. ಅರಸೀಕೆರೆಯ ಬಯಲು ಹೊಲಗಳಲ್ಲಿ ಇಂಥ ಉಪಗ್ರಹಗಳ ಕೆಲಸ ಸಲೀಸು. ಸಕಲೇಶಪುರದ ಕಡೆ ಮರಗಳ ದಟ್ಟ ಹಂದರವೇ ಮಣ್ಣಿನ ಸಂಕೇತವನ್ನು ಮಸುಕಾಗಿಸುತ್ತದೆ, ಮಾರುದ್ದ ಕೆಳಗಿಳಿದ ಬೇರಿನ ಸುತ್ತಲ ನೀರಂತೂ ಮೇಲಿನಿಂದ ನೇರವಾಗಿ ಕಾಣುವುದೇ ಇಲ್ಲ. ಅಲ್ಲಿ ಮಣ್ಣಿನೊಳಗೇ ಸಂವೇದಕ ಹೂಳಬೇಕು, ಒಂದೊಂದು ಇಳಿಜಾರಿಗೂ ಬೇರೆ ಬೇರೆ.