30 ಕಾಳು ಹಾಕಬೇಕಿತ್ತಾ? ಪಾಟ್ ಆಡ್ಸ್ ಲೆಕ್ಕ

ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿತ್ತು. ಹೊರಗೆ ಹೋಗುವ ಮಾತೇ ಇಲ್ಲ. ರೂಮಿನಲ್ಲಿ ಚಾಪೆ ಹಾಸಿ ನಾಲ್ಕು ಜನ ಪೋಕರ್ ಆಡುತ್ತಿದ್ದೆವು. ದುಡ್ಡಿಟ್ಟು ಅಲ್ಲ, ಊರಿಂದ ತಂದ ತೊಗರಿ ಕಾಳಿಟ್ಟು, ತಲೆಗೆ 200. ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಸಂಭವನೀಯತೆ ಕಲಿಯುವುದಕ್ಕೆ ಕಾಳೇ ಸಾಕು, ನೀವೂ ಹಾಗೇ ಆಡಿ.

ಆಟ ಟೆಕ್ಸಸ್ ಹೋಲ್ಡೆಮ್. ನಿಯಮ ನಿಮಗೆ ಗೊತ್ತಿದೆ ಎಂದುಕೊಂಡು ಬರೆಯುತ್ತಿದ್ದೇನೆ. ನನ್ನ ಕೈಯಲ್ಲಿ ಕಳಾವರ್ ರಾಜ, ಕಳಾವರ್ 8. ಚಾಪೆ ಮೇಲೆ, ಎಲ್ಲರಿಗೂ ಸೇರಿದ ಎಲೆಗಳಾಗಿ, ಕಳಾವರ್ ಗುಲಾಮ, ಆಟೀನ್ 9, ಕಳಾವರ್ 3, ಇಸ್ಪೀಟ್ 2. ಇನ್ನು ಬೀಳಬೇಕಾದ್ದು ರಿವರ್ ಎಲೆ, ಅಂದರೆ ಐದನೆಯ ಕೊನೆಯ ಎಲೆ, ಒಂದೇ. ಅದು ಕಳಾವರ್ ಆದರೆ ನನಗೆ ಫ್ಲಶ್, ಅಂದರೆ ಐದೂ ಕಳಾವರ್. ಪಾಟ್‌ನಲ್ಲಿ (ನಡುವಿನ ರಾಶಿಯಲ್ಲಿ) 60 ಕಾಳಿತ್ತು. ಗೆಳೆಯ 30 ಹಾಕಿದ.

“ಏನ್ ವಿಚಾರ ಮಾಡ್ಲಾಕತ್ತಿ ದೋಸ್ತ? ಹಾಕು, ಇಲ್ಲಾ ಬಿಡು.”

ಹಾಕಿದೆ. ಕಳಾವರ್ 5 ಬಿತ್ತು. ಅವನ ಹತ್ತಿರ ಗುಲಾಮ ಮತ್ತು 9, ಎರಡು ಜೋಡಿ. ಕಾಳೆಲ್ಲ ನನ್ನ ಕಡೆ ಬಂತು. ಆದರೆ ನಾನು ಹಾಕಿದ್ದು ತಪ್ಪು. ರಾತ್ರಿ ಲೆಕ್ಕ ಬರೆದು ನೋಡಿದಾಗಲೇ ಅದು ಗೊತ್ತಾಗಿದ್ದು.

ಮೊದಲು ಬೆಲೆ ನೋಡೋಣ. ಗೆಳೆಯ 30 ಹಾಕಿದ ಮೇಲೆ ಪಾಟ್ 90. ಅದನ್ನು ಗೆಲ್ಲಲು ನಾನು 30 ಹಾಕಬೇಕು. ಆಗ ಒಟ್ಟು 120. ನನ್ನ ಪಾಲು 120ರಲ್ಲಿ 30, ಅಂದರೆ ಶೇ. 25. ಗೆಲ್ಲುವ ಸಾಧ್ಯತೆ ಇದಕ್ಕಿಂತ ಜಾಸ್ತಿ ಇದ್ದರೆ ಕಾಲ್ ಮಾಡಬೇಕು (ಅಷ್ಟೇ ಕಾಳು ಹಾಕಬೇಕು), ಕಡಿಮೆ ಇದ್ದರೆ ಫೋಲ್ಡ್ (ಎಲೆ ಬಿಡಬೇಕು). ಪಾಟ್ ಆಡ್ಸ್ ಅಂದರೆ ಇಷ್ಟೇ. ಹೊಸಬರು ಎಡವುವುದು ಭಾಗಿಸುವಾಗ. 30ನ್ನು 90ರಿಂದ ಭಾಗಿಸಿ 33 ಅನ್ನುತ್ತಾರೆ. ನಿಮ್ಮ 30 ಕೂಡ ಪಾಟ್ ಸೇರುತ್ತದೆ ಅಲ್ವಾ? ಅದನ್ನೂ ಕೂಡಿಸಿಯೇ ಭಾಗಿಸಬೇಕು. ಅನುಪಾತದಲ್ಲಿ ಹೇಳಿದರೆ 90ಕ್ಕೆ 30, ಅಂದರೆ 3ಕ್ಕೆ 1. ಮೂರು ಸಲ ಸೋತು ಒಂದು ಸಲ ಗೆದ್ದರೂ ಸರಿಹೋಗುತ್ತದೆ. ಅದು ನಾಲ್ಕರಲ್ಲಿ ಒಂದು, ಮೂರರಲ್ಲಿ ಒಂದಲ್ಲ.

ಪ್ರತಿ ಸಲ ಭಾಗಾಕಾರ ಮಾಡುತ್ತಾ ಕೂರಬೇಕಿಲ್ಲ. ಎದುರಿನವರು ಪಾಟ್‌ನ ಕಾಲು ಭಾಗ ಹಾಕಿದರೆ ಸುಮಾರು ಶೇ. 17 ಬೇಕು, ಮೂರನೇ ಒಂದು ಹಾಕಿದರೆ 20, ಅರ್ಧಕ್ಕೆ 25, ಪೂರ್ತಿ ಪಾಟ್‌ನಷ್ಟು ಹಾಕಿದರೆ 33. ಇವು ನಾಲ್ಕು ಬಾಯಿಗೆ ಬಂದರೆ ಬಹುತೇಕ ಕೆಲಸ ಆಗುತ್ತದೆ.

ಇನ್ನು ಸಾಧ್ಯತೆ. ಕಳಾವರ್ ಒಟ್ಟು 13. ನಾಲ್ಕು ಕಾಣಿಸುತ್ತಿವೆ, ಉಳಿದವು 9. ಇವೇ ನನ್ನ ಔಟ್ಸ್, ಅಂದರೆ ನನ್ನನ್ನು ಗೆಲ್ಲಿಸಬಹುದಾದ ಎಲೆಗಳು. ನನಗೆ ಕಾಣದ ಎಲೆಗಳು 52ರಲ್ಲಿ 6 ಕಳೆದರೆ 46. ಹಾಗಾಗಿ 46ಕ್ಕೆ 9, ಸುಮಾರು ಶೇ. 19.6. ಬೇಕಾದ್ದು 25. ಕಡಿಮೆ ಬಿತ್ತು.

ಹಾಗಿದ್ದರೆ ಯಾಕೆ ಹಾಕಿದೆ? ‘ಔಟ್ಸ್ ಗುಣಿಸು 4’ ಅಂತ ಎಲ್ಲೋ ಕೇಳಿದ್ದೆ. 9 ನಾಲ್ಕಲೆ 36, ಅದು 25ಕ್ಕಿಂತ ದೊಡ್ಡದು, ಹಾಕಿಬಿಟ್ಟೆ. ನಾಲ್ಕರಿಂದ ಗುಣಿಸುವುದು ಫ್ಲಾಪ್ (ಚಾಪೆಯ ಮೊದಲ ಮೂರು ಎಲೆ) ಆದ ಮೇಲೆ, ಇನ್ನೂ ಎರಡು ಎಲೆ ಬಾಕಿ ಇರುವಾಗ. ಒಂದೇ ಎಲೆ ಬಾಕಿ ಇದ್ದರೆ 2ರಿಂದ ಗುಣಿಸಬೇಕು. 18 ಬರುತ್ತದೆ, ನಿಜವಾದ 19.6ಕ್ಕೆ ಹತ್ತಿರ. ಇನ್ನೊಂದು ಎಚ್ಚರ: ಫ್ಲಾಪ್‌ನಲ್ಲಿ 4ರ ಲೆಕ್ಕ ನೇರವಾಗಿ ನಡೆಯುವುದು ಆಲ್-ಇನ್ (ಇದ್ದ ಕಾಳೆಲ್ಲ ಹಾಕಿದ್ದು) ಆದಾಗ. ಇಲ್ಲದಿದ್ದರೆ ಟರ್ನ್‌ನಲ್ಲಿ (ನಾಲ್ಕನೇ ಎಲೆ ಬಿದ್ದಾಗ) ಇನ್ನೊಂದು ಬೆಟ್ ಬರುತ್ತದೆ. ಎರಡು ಎಲೆಯ ಸಾಧ್ಯತೆ ಹಿಡಿದುಕೊಂಡು ಒಂದೇ ಎಲೆಯ ಬೆಲೆ ಕೊಟ್ಟ ಹಾಗಾಗುತ್ತದೆ.

ಆ 36 ಎಲ್ಲಿಂದ ಬಂತು ಅಂತ ಬಿಡಿಸಿ ನೋಡಲು ನಮ್ಮ ಜಿಲ್ಲೆಗೇ ಬರಬಹುದು. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗ ಆಳುತ್ತಿದ್ದ 9ನೇ ಶತಮಾನದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ರೀತಿ ಆರಿಸಬಹುದು ಅನ್ನುವುದಕ್ಕೆ ಸಾಮಾನ್ಯ ಸೂತ್ರ ಕೊಟ್ಟರು. ಅದನ್ನೇ ಹಾಕಿ. ಫ್ಲಾಪ್ ಆದ ಮೇಲೆ ಕಾಣದ ಎಲೆ 47. ಅದರಲ್ಲಿ ಎರಡನ್ನು ಆರಿಸುವ ರೀತಿ 1081. ಕಳಾವರ್ ಅಲ್ಲದವು 38, ಅವುಗಳಿಂದ ಎರಡು ಆರಿಸುವ ರೀತಿ 703. ಅಂದರೆ ಫ್ಲಶ್ ಆಗದಿರುವುದು ಶೇ. 65, ಆಗುವುದು ಶೇ. 35. ಬಾಯಿಲೆಕ್ಕದ 36 ಪರವಾಗಿಲ್ಲ. ನನಗೆ ಈ ಸೂತ್ರ ಮಳಖೇಡದ ಕಡೆಯದು ಅಂತ ತಿಳಿದ ದಿನ ತುಂಬಾ ಖುಷಿಯಾಗಿತ್ತು.

ಮತ್ತೆ ನನ್ನ 30 ಕಾಳಿಗೆ ಬರೋಣ. ಸೂತ್ರ ನಂಬದೆ ಇದ್ದರೆ ಕಣ್ಣಾರೆ ನೋಡಿ. ನಾನು ಆ 46 ಎಲೆಗಳನ್ನು ಚಾಪೆ ಮೇಲೆ ಹರಡಿದೆ. 9 ಕಳಾವರ್ ಒಂದು ಕಡೆ, 37 ಇನ್ನೊಂದು ಕಡೆ. ಪ್ರತಿ ಕಳಾವರ್‌ಗೆ 90 ಕಾಳು ಬರುತ್ತದೆ: 810. ಉಳಿದ ಪ್ರತಿ ಎಲೆಗೆ 30 ಹೋಗುತ್ತದೆ: 1110. ನಿವ್ವಳ 300 ಕಾಳು ನಷ್ಟ. ಒಂದು ಸಲಕ್ಕೆ ಸರಾಸರಿ ಆರೂವರೆ ಕಾಳು. ಕಳಾವರ್ 5 ಆ ಒಂಬತ್ತರಲ್ಲಿ ಒಂದು, ಅಷ್ಟೇ. ಗೆಳೆಯ 30ರ ಬದಲು 15 ಹಾಕಿದ್ದರೆ? ಬರುವುದು 9 ಸಲ 75, ಅಂದರೆ 675. ಹೋಗುವುದು 37 ಸಲ 15, ಅಂದರೆ 555. ಆಗ ಕಾಲ್ ಮಾಡುವುದೇ ಸರಿ.

ಇಲ್ಲೊಂದು ಸೂಕ್ಷ್ಮ ಇದೆ, ನನಗೆ ತಡವಾಗಿ ಹೊಳೆದದ್ದು. ಅವನ ಕೈಯಲ್ಲಿ ಗುಲಾಮ ಮತ್ತು 9 ಇತ್ತಲ್ಲ, ಕಳಾವರ್ 9 ಬಿದ್ದಿದ್ದರೆ? ನನಗೆ ಫ್ಲಶ್, ಆದರೆ ಅವನಿಗೆ ಅದಕ್ಕಿಂತ ದೊಡ್ಡ ಫುಲ್ ಹೌಸ್ (ಮೂರು 9, ಎರಡು ಗುಲಾಮ). ನನ್ನ ಔಟ್ ಅಂತ ಎಣಿಸಿದ ಎಲೆಯೇ ನನ್ನನ್ನು ಮುಳುಗಿಸುತ್ತಿತ್ತು. ಹಾಗಾಗಿ ಕೆಲಸಕ್ಕೆ ಬರುವ ಔಟ್ಸ್ 8 ಅಂತ ಹಿಡಿಯುವುದು ಒಳ್ಳೆಯದು. 46ಕ್ಕೆ 8 ಅಂದರೆ ಶೇ. 17.4. 15 ಕಾಳಿನ ಬೆಲೆ ಶೇ. 16.7. ಅದೂ ಅಂಚಿನ ಮೇಲೆ ಬಂದು ನಿಂತಿತು.

“ಫ್ಲಶ್ ಆದ ಮ್ಯಾಲ ಇನ್ನೂ ಕಾಳು ಬರ್ತಾವಲ್ಲ, ಅದನ್ನ ಯಾಕ ಹಿಡಿಯಂಗಿಲ್ಲ?” ಅಂತ ಗೆಳೆಯ ಕೇಳಿದ. ಸರಿಯಾದ ಪ್ರಶ್ನೆ, ಇದಕ್ಕೆ ಇಂಪ್ಲೈಡ್ ಆಡ್ಸ್ ಅನ್ನುತ್ತಾರೆ. 9 ಔಟ್ಸ್ ಹಿಡಿದರೂ 1110 ಕಾಳು ವಾಪಸ್ ಬರಬೇಕಾದರೆ ಪ್ರತಿ ಗೆಲುವಿಗೆ ಕನಿಷ್ಠ 124 ಬೇಕು. ಪಾಟ್‌ನಲ್ಲಿರುವುದು 90. ರಿವರ್‌ನಲ್ಲಿ ಅವನಿಂದ ಸರಾಸರಿ ಇನ್ನೂ 34 ಬರಬೇಕು. ಚಾಪೆ ಮೇಲೆ ಮೂರು ಕಳಾವರ್ ಕಂಡ ಮೇಲೆ ಅವನು ಪ್ರತಿ ಸಲ 34 ಕೊಡುತ್ತಾನಾ? ಆ ದಿನ ನಾನು ಬೆಟ್ ಮಾಡಿದಾಗ ಅವನು ಎಲೆ ಕೆಳಗಿಟ್ಟು, ತೋರಿಸಿ, ನೀರು ಕುಡಿಯಲು ಎದ್ದು ಹೋದ.

ಮುಂದಿನ ಸಲ ಆಡಲು ಕೂರುವ ಮೊದಲು ಇದನ್ನು ಮಾಡಿ ನೋಡಿ. ಕೈಯಲ್ಲಿ ಆಟೀನ್ 9, ಆಟೀನ್ 8. ಫ್ಲಾಪ್: ಆಟೀನ್ 7, ಆಟೀನ್ 2, ಇಸ್ಪೀಟ್ 10. ಪಾಟ್ 40, ಎದುರಿನವರು 40 ಹಾಕಿ ಆಲ್-ಇನ್. ಫ್ಲಶ್‌ಗೆ 9, ಸ್ಟ್ರೈಟ್‌ಗೆ (ಸಾಲಾಗಿ ಐದು ಎಲೆ) 8 ಅಂತ ಎಣಿಸಿ 17 ಅನ್ನಬೇಡಿ. ಆಟೀನ್ 6, ಆಟೀನ್ ಗುಲಾಮ ಎರಡು ಕಡೆಯೂ ಸೇರಿವೆ, ಔಟ್ಸ್ 15. 4ರಿಂದ ಗುಣಿಸಿದರೆ 60 ಬರುತ್ತದೆ, ಆದರೆ 47 ಮತ್ತು 46 ಇಟ್ಟು ಸರಿಯಾಗಿ ಮಾಡಿದರೆ ಸುಮಾರು 54. ಆ ಆರರ ವ್ಯತ್ಯಾಸ ಎಲ್ಲಿಂದ ಬಂತು ಅಂತ ಕಾಗದದ ಮೇಲೆ ಬರೆದು ನೋಡಿ.